ಒಂದು ಸೌಟು ಬಿಸಿಲು

ಮುಂಬಯಿಯಲ್ಲಿ ಚಳಿಗಾಲವೆಂದರೆ ಡಿಸೆಂಬರಿನಲ್ಲಿ ಎರಡು ವಾರ ಬೆವರು ನಿಲ್ಲುವುದು. ಅಂಥ ಊರಿನಲ್ಲಿ, ಗ್ರಾಂಟ್ ರೋಡಿನ ಬಿಲ್ಡಿಂಗ್ ಒಂದರ ಮಾಳಿಗೆಯ ಮೇಲಿದ್ದ ಕನ್ನಡ ಶಾಲೆಯಲ್ಲಿ, ಧ್ರುವ ಪ್ರದೇಶ ಏಕೆ ಅಷ್ಟು ತಣ್ಣಗಿದೆ ಎಂದು ಕಲಿಸುವ ಕೆಲಸ ನನ್ನದಾಗಿತ್ತು. ಮೈಸೂರಿನಿಂದ ಮದುವೆಯಾಗಿ ಬಂದಿದ್ದ ನಾನೂ ಹಿಮ ಕಂಡವಳಲ್ಲ. ಕಂಡದ್ದು ಮರದ ಹೊಟ್ಟು ಮೆತ್ತಿಕೊಂಡು ಕೈಗಾಡಿಯಲ್ಲಿ ಹೋಗುವ ಐಸು ಮಾತ್ರ.

ಎರಡು ವರ್ಷದಿಂದ ನಾನು ಟೆಂಪರರಿ. ಈ ಸಲದ ಇನ್‌ಸ್ಪೆಕ್ಷನ್ನಿನಲ್ಲಿ ಒಳ್ಳೆಯ ಷರಾ ಬಿದ್ದರೆ ಖಾಯಂ. ಇಲ್ಲದಿದ್ದರೆ ಮನೆಯಲ್ಲಿರುವುದು ಎಂದು ಅತ್ತೆಯವರ ಜೊತೆ ಒಪ್ಪಂದವಾಗಿತ್ತು. ಒಪ್ಪಂದವೆಂದರೆ ಅವರು ಹೇಳಿದರು, ನಾನು ತಲೆಯಾಡಿಸಿದೆ. ನನಗೆ ಆ ಕೆಲಸ ಬೇಕಿತ್ತು. ದೇವರಾಣೆಗೂ ಬೇಕಿತ್ತು.

ಪಠ್ಯಪುಸ್ತಕದಲ್ಲಿ ಇದ್ದದ್ದು ಒಂದೇ ವಾಕ್ಯ: ಸೂರ್ಯನ ಕಿರಣಗಳು ಓರೆಯಾಗಿ ಬೀಳುವುದರಿಂದ ಅಲ್ಲಿ ಶೀತ ಹೆಚ್ಚು. ಮಕ್ಕಳು ಅದನ್ನು ಗಿಳಿಪಾಠದಂತೆ ಒಪ್ಪಿಸುತ್ತಿದ್ದರು. ಓರೆಯಾದರೆ ಶೀತವೇಕೆ ಎಂದು ಕೇಳಿದರೆ ಅದೇ ವಾಕ್ಯ ಮತ್ತೊಮ್ಮೆ. ಒಬ್ಬ ಮಾತ್ರ, ಧ್ರುವ ಒಂಟಿ ಕಾಲಲ್ಲಿ ತಪಸ್ಸು ಮಾಡಿದ ಜಾಗವಲ್ಲವೇ, ತಪಸ್ಸಿಗೆ ತಂಪು ಬೇಕು ಎಂದ.

ತರಗತಿಯಲ್ಲಿ ಮುಕ್ಕಾಲು ಪಾಲು ಉಡುಪಿ ಕಡೆಯ ಹೋಟೆಲಿನವರ ಮಕ್ಕಳು. ಹಾಗಾಗಿ ದೋಸೆಯ ಮೊರೆಹೊಕ್ಕೆ. ಸೂರ್ಯ ಎಲ್ಲರಿಗೂ ಹಾಕುವುದು ಒಂದೇ ಸೌಟು ಹಿಟ್ಟು. ನೆತ್ತಿಯ ಮೇಲಿಂದ ನೇರ ಸುರಿದರೆ ಅದು ಅಂಗೈಯಗಲಕ್ಕೆ ದಪ್ಪಗೆ ನಿಲ್ಲುತ್ತದೆ. ಓರೆಯಾಗಿ ಸುರಿದರೆ ಕಾವಲಿಯ ತುಂಬ ಹರಡಿ ತೆಳ್ಳಗಾಗುತ್ತದೆ. ಧ್ರುವದ ಪಾಲಿಗೆ ಬರುವುದು ಆ ತೆಳು ಬಿಸಿಲು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಧಾರವಾಡ ಆಗಿನ್ನೂ ಮುಂಬಯಿ ರಾಜ್ಯದಲ್ಲೇ ಇತ್ತು. ಇನ್‌ಸ್ಪೆಕ್ಷನ್ನಿನ ದಿನ ಬಂದ ಇನ್‌ಸ್ಪೆಕ್ಟರು ಆ ಕಡೆಯವರು.

“ಧ್ರುವ ಪ್ರದೇಶ ಯಾಕ ತಣ್ಣಗ ಅದ? ಯಾರ ಹೇಳ್ತೀರಿ?”

ದೋಸೆ ಹೊಯ್ಯುವವರೊಬ್ಬರ ಮಗಳು ಎದ್ದು ಸೌಟು, ಕಾವಲಿ, ದಪ್ಪ, ತೆಳು ಎಲ್ಲವನ್ನೂ ತಪ್ಪಿಲ್ಲದೆ ಹೇಳಿದಳು. ಇನ್‌ಸ್ಪೆಕ್ಟರು ಪೆನ್ನಿನ ಟೋಪಿ ತೆಗೆದರು. ಅಷ್ಟಕ್ಕೇ ಅವಳು ಕುಳಿತಿದ್ದರೆ ನಾನು ಗೆದ್ದಿದ್ದೆ. ಕೂರಲಿಲ್ಲ.

“ಆದ್ರೆ ಟೀಚರ್, ತೆಳು ದೋಸೆಯೇ ಅಲ್ವಾ ಮೊದಲು ಬೇಯುವುದು? ದಪ್ಪದ್ದು ಬೇಯ್ಲಿಕ್ಕೆ ತಡ ಆಗ್ತದೆ. ಹಾಗಾದ್ರೆ ಧ್ರುವವೇ ಹೆಚ್ಚು ಬಿಸಿ ಇರ್ಬೇಕಲ್ಲ?”

ಹಿಟ್ಟು ಎಂದರೆ ನೆಲವಲ್ಲ, ಬಿಸಿಲು. ಬಿಸಿಲು ಬೇಯುವುದಿಲ್ಲ, ತೆಳ್ಳಗೆ ಬಿದ್ದಲ್ಲಿ ಕಾವು ಕಡಿಮೆ, ಅಷ್ಟೆ. ಈ ಉತ್ತರ ನನಗೆ ಹೊಳೆದದ್ದು ಸಂಜೆ ಮಲಾಡಿನ ಮನೆಗೆ ಹೋಗುವ ಲೋಕಲ್‌ನಲ್ಲಿ, ಬಾಂದ್ರಾ ದಾಟಿದ ಮೇಲೆ. ತರಗತಿಯಲ್ಲಿ ಆ ಕ್ಷಣ ಅಧಿಕಪ್ರಸಂಗ ಬೇಡ, ಕೂತುಕೋ ಎಂದು ಗದರಬಹುದಿತ್ತು. ನನಗೆ ಕಲಿಸಿದವರೆಲ್ಲ ಹಾಗೇ ಗದರುತ್ತಿದ್ದರು. ಆದರೆ ಪ್ರಶ್ನೆ ಚೆನ್ನಾಗಿತ್ತು, ಗದರಲು ನಾಲಿಗೆ ಏಳಲಿಲ್ಲ.

“ಏನ್ರೀ ಬಾಯಾರ, ಉತ್ತರಾ ಕೊಡ್ರಿ,” ಎಂದು ಇನ್‌ಸ್ಪೆಕ್ಟರು ನನ್ನತ್ತ ತಿರುಗಿದರು.

“ಅವಳು ಕೇಳಿದ್ದು ಸರಿಯಾಗಿದೆ ಸಾರ್. ನನಗೆ ಗೊತ್ತಿಲ್ಲ.”

ಉದಾಹರಣೆ ಅಡುಗೆಮನೆಯದು, ವಿಷಯಜ್ಞಾನ ಸಾಲದು ಎಂದು ಅವರು ಷರಾ ಪುಸ್ತಕದಲ್ಲಿ ಬರೆದರು. ಅಕ್ಷರ ಬಹಳ ದುಂಡಗಿತ್ತು.

ಆ ಶನಿವಾರವೇ ನನ್ನ ಕೊನೆಯ ದಿನವಾಯಿತು. ಮೆಟ್ಟಿಲಿಳಿಯುವಾಗ ಆ ಹುಡುಗಿ ಓಡಿಬಂದು ಅಡ್ಡ ನಿಂತಳು.

“ಟೀಚರ್, ಅಪ್ಪನ ಹತ್ರ ಕೇಳಿದೆ. ತೆಳು ದೋಸೆ ಬೇಗ ಬೇಯ್ತದೆ, ಆದ್ರೆ ತಟ್ಟೆಗೆ ಹಾಕಿದ ಕೂಡ್ಲೇ ತಣಿಯುವುದೂ ಅದೇ ಅಂತೆ. ನೀವು ಹೇಳಿದ್ದೇ ಸರಿ. ಆ ಇನ್‌ಸ್ಪೆಕ್ಟರಿಗೆ ಹೇಳಿ ಟೀಚರ್, ಬರ್ದದ್ದನ್ನು ಅಳಿಸ್ತಾರೆ.”

ಅವಳ ಕಣ್ಣು ಕೆಂಪಾಗಿತ್ತು. ಖಂಡಿತ ಹೇಳುತ್ತೇನೆ ಎಂದೆ. ಆ ಶಾಲೆಯಲ್ಲಿ ಗೊತ್ತಿದ್ದೂ ನಾನು ಹೇಳಿದ ಸುಳ್ಳು ಅದೊಂದೇ.