ಹದಿನೈದು ಕಿಲೋಮೀಟರಿನ ಆಚೆ

ಬಾಸ್ಕೆಟ್‌ಬಾಲ್ ಫೈನಲ್ ನಡೆಯುತ್ತಿದ್ದ ಆ ಮಧ್ಯಾಹ್ನ, ಬಲಿಹಾನ್ ಎಂಬ ಕಡಲ ದಂಡೆಯ ಊರಿನಲ್ಲಿ ಆಟದ ಅಂಗಳಕ್ಕೆ ಹೋಗದೆ ಉಳಿದವರಲ್ಲಿ ಡೆಲ್ಫಿನಾ ಒಬ್ಬಳು. ಮನೆಯ ಹಿಂದಿನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು, ಊರಿನ ಮೊಬೈಲ್ ಟವರನ್ನು ಕಾಯುತ್ತ ಕುಳಿತಿದ್ದಳು. ಇರುವಷ್ಟೇ ತರಂಗವನ್ನು ಕೇಳುವವರಿಗೆಲ್ಲ ಹಂಚುವುದು ಹದಿನಾಲ್ಕು ವರ್ಷಗಳಿಂದ ಅವಳ ಕೆಲಸ. ಇವತ್ತು ಕೇಳುವವರು ಬಹಳ. ಸೌದಿಯಲ್ಲಿ, ದುಬೈಯಲ್ಲಿ, ಹಾಂಗ್‌ಕಾಂಗಿನಲ್ಲಿ ದುಡಿಯುವ ಅಣ್ಣತಮ್ಮಂದಿರಿಗಾಗಿ ಊರಿನ ಅರ್ಧ ಜನ ಆಟವನ್ನು ಲೈವ್ ಕಳಿಸುತ್ತಿದ್ದರು. ತೆರೆಯ ಮೇಲಿನ ಗೆರೆಗಳೆಲ್ಲ ಹಸಿರಾಗಿದ್ದವು.

ಹಂಚುವುದನ್ನು ಅವಳು ಕಲಿತದ್ದು ಕಾಲೇಜಿನಲ್ಲಲ್ಲ, ಅಪ್ಪನ ಮೊಣಕಾಲಿನ ಬಳಿ. ಮೊಬೈಲ್ ಬರುವ ಮೊದಲು ಇಡೀ ಕೇರಿಗೆ ಇದ್ದದ್ದು ಒಂದೇ ರೇಡಿಯೊ ಪೆಟ್ಟಿಗೆ, ಅದರಲ್ಲಿ ಒಂದೇ ಚಾನೆಲ್. ಅಪ್ಪ ಫೆಲಿಮೊನ್ ಕಡಲಿನ ದೋಣಿಗಳನ್ನು ಕರೆದು ಸುಮ್ಮನಾಗುತ್ತಿದ್ದ. ಬೆರಳು ಮಡಚುತ್ತ ಐದರವರೆಗೆ ಎಣಿಸಿ, ಆಮೇಲಷ್ಟೇ ಮುಂದಿನವರಿಗೆ ಅವಕಾಶ ಕೊಡುತ್ತಿದ್ದ. ಮೂರಕ್ಕೇ ಬಿಟ್ಟರೇನು ಎಂದು ಅವಳು ಕೇಳಿದ್ದಳು. "ದೂರದೋನ ಕೈ ಒದ್ದೆಯಾಗಿರುತ್ತೆ ಮಗಳೇ. ಗುಂಡಿ ಒತ್ತೋದು ತಡ ಆಗುತ್ತೆ," ಎಂದಿದ್ದ.

ಬೇಲಿಯ ಬಿದಿರಿನ ಬಾಗಿಲು ಕಿರುಗುಟ್ಟಿತು. ಪಕ್ಕದ ಮನೆಯ ಪ್ರೆಸಿಂಗ್, ಕೈಯಲ್ಲಿ ಫೋನು. ಡೆಲ್ಫಿನಾಳಿಗೆ ಅವಳು ಮನಾ, ಅಂದರೆ ಅಕ್ಕ; ಅವಳಿಗೆ ಡೆಲ್ಫಿನಾ ಇಂದೈ, ತಂಗಿ.

"ಇಂದೈ, ನಿನ್ನ ಟವರಿಗೆ ಕಿವುಡು ಬಂತೇನೇ?"

"ಯಾಕೆ ಮನಾ ಪ್ರೆಸಿಂಗ್? ಅಂಗಳದಲ್ಲಿ ಎಲ್ರಿಗೂ ಚೆನ್ನಾಗಿ ಸಿಗ್ತಾ ಇದೆ."

"ಅಂಗಳದೋರ ಮಾತು ಬಿಡು. ನಮ್ಮ ಮನೆಯೋರಿಂದ ಮೂರು ವಾರ ಆಯ್ತು ಒಂದು ರಿಂಗಿಲ್ಲ. ಅದು ಬಂದ್ರೆ ತಾನೇ ನಾನು ಅಕ್ಕಿ ತೊಳೆಯೋದು? ಮೊನ್ನೆ ಮನೆಗೆ ಬಂದಾಗ ಸೋಮಾರಿ, ಬೆರಳಿಗೂ ಭಾರಾನಾ ಅಂತ ಬೈದೆ. ಫೋನು ನನ್ನ ಮೂಗಿಗೆ ಹಿಡಿದು, ಸಿಗ್ನಲ್ ಕಡ್ಡಿ ನಾಲ್ಕೂ ತುಂಬಿತ್ತು, ಒತ್ತಿದ್ದೆ ಅಂದ್ರು. ಕುಡಿದು ಹೇಳ್ತಿದಾರೆ ಅಂದ್ಕೊಂಡೆ."

ದೋಣಿಯವರ ವಾಡಿಕೆ ಅದು. ಹಿಂದಿರುಗಲು ಹೊರಟಾಗ ಮನೆಗೆ ಒಂದು ರಿಂಗು, ಎತ್ತಬಾರದು, ಕಾಸು ಖರ್ಚಾಗಬಾರದು. ದಂಡೆಯಿಂದ ದೋಣಿಗೆ ಎರಡು ರಿಂಗು ಹೋದರೆ, ಕೆಲಸ ಬಿಟ್ಟು ಬೇಗ ಬನ್ನಿ ಎಂದರ್ಥ.

"ಈಗ ನಾನೇ ಎರಡು ರಿಂಗ್ ಕೊಡೋಣ ಅಂದ್ರೆ ಹೋಗ್ತಾನೇ ಇಲ್ಲ. ಅಲ್ಲಿ ನೋಡು."

ಪಶ್ಚಿಮದ ಗುಡ್ಡದ ನೆತ್ತಿಯಲ್ಲಿ ಮೋಡ ದಿನವೂ ಇರುತ್ತದೆ. ಕಡಲಿನಿಂದ ನೋಡುವವರಿಗೆ ಎಲ್ಲ ಮೋಡವೂ ಒಂದೇ. ದಂಡೆಯವರಿಗೆ ಮಾತ್ರ ಗೊತ್ತು: ಇವತ್ತಿನದರ ಅಂಚು ಕೆಳಗೆ ಜಾರುತ್ತಿತ್ತು. ಒಂದು ಗಂಟೆ, ಹೆಚ್ಚೆಂದರೆ ಒಂದೂಕಾಲು ಗಂಟೆಯಲ್ಲಿ ಅದು ಗಾಳಿಮಳೆಯಾಗಿ ನೀರಿಗೆ ಇಳಿಯುತ್ತದೆ. ಮೀನು ಸೇರಲೆಂದು ಕಡಲಿನಲ್ಲಿ ಕಟ್ಟಿಬಿಟ್ಟ ತೆಪ್ಪದ ಬಳಿ, ಇಪ್ಪತ್ತೆರಡು ಕಿಲೋಮೀಟರ್ ಆಚೆ, ಒಟ್ಟಿಗೇ ಹೋಗಿ ಒಟ್ಟಿಗೇ ಬರುವ ಮೂರು ದೋಣಿ, ಪ್ರೆಸಿಂಗಳ ಗಂಡನೂ ಸೇರಿ ಒಂಬತ್ತು ಗಂಡಸರು.

ಕಡ್ಡಿ ನಾಲ್ಕು, ಆದರೆ ರಿಂಗಿಲ್ಲ. ಡೆಲ್ಫಿನಾ ಟವರಿನ ಅಂಕಿಗಳ ಪುಟ ತೆರೆದಳು.

ಮೂರು ವಾರದ ಹಿಂದೆ, ಪಂದ್ಯಾವಳಿಗೆಂದು, ಅವಳೇ ಒಂದು ಅಂಕಿ ಬದಲಿಸಿದ್ದಳು. ಕರೆ ಹೋಗಲಿ, ಬರಲಿ, ಫೋನು ಮೊದಲು ಟವರಿನ ಬಾಗಿಲು ತಟ್ಟಬೇಕು. ದೂರದ ಫೋನಿನ ಸದ್ದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ತಡವಾಗಿ ಬರುತ್ತದೆ. ಆ ತಡಕ್ಕಾಗಿ ಟವರು ಒಂದಿಷ್ಟು ಜಾಗ ಖಾಲಿ ಇಟ್ಟು ಕಾಯುತ್ತದೆ. ಖಾಲಿ ಜಾಗ ಎಂದರೆ ದಂಡ ಎಂದು ಅವಳಿಗೆ ಅನಿಸಿತ್ತು. ಹದಿನೈದು ಕಿಲೋಮೀಟರಿಗೆ ಸಾಕು ಎಂದು ಕಾಯುವುದನ್ನು ಮೊಟಕುಗೊಳಿಸಿ, ಉಳಿದದ್ದನ್ನು ಲೈವ್ ಕಳಿಸುವವರಿಗೆ ಕೊಟ್ಟಿದ್ದಳು. ನೂರಕ್ಕೆ ಎರಡು ಪಾಲು ಉಳಿದಿತ್ತು. ಟವರಿನ ದನಿ ದೋಣಿಗೆ ಮುಟ್ಟುತ್ತಲೇ ಇತ್ತು. ದೋಣಿ ತಟ್ಟಿದ್ದು ಟವರಿಗೆ ಕೇಳುತ್ತಿರಲಿಲ್ಲ. ಕೇಳದ ಕರೆ ಸೋತ ಕರೆಗಳ ಪಟ್ಟಿಗೂ ಸೇರುವುದಿಲ್ಲ. ಹಾಗಾಗಿ ವರದಿ ಮೊದಲಿಗಿಂತ ಹಸಿರಾಗಿತ್ತು. ಮೇಲಿನವರು ಶಹಬ್ಬಾಸ್ ಎಂದಿದ್ದರು.

ತಕ್ಲೋಬಾನ್ ನಗರದಲ್ಲಿದ್ದ ಮೇಲಧಿಕಾರಿ ನೆಮೆಸಿಯೊಗೆ ಫೋನು ಮಾಡಿದಳು.

"ಸರ್, ಬಲಿಹಾನಿನ ದೂರದ ಅಳತೆ ಮೊದಲಿನ ಹಾಗೆ ಮಾಡ್ಬೇಕು. ಈಗಲೇ."

"ಟವರ್ ಬಂದ್ ಮಾಡ್ದೆ ಆಗುತ್ತಾ?"

"ಇಲ್ಲ ಸರ್. ನಾಲ್ಕು ನಿಮಿಷ."

"ಫೈನಲ್ ಮಧ್ಯೆ ನಾಲ್ಕು ನಿಮಿಷ! ಮೇಯರ್ ಮಗ ಆಡ್ತಿದಾನಮ್ಮ. ಐದು ಗಂಟೆಗೆ ಆಟ ಮುಗಿಯುತ್ತೆ, ಆಮೇಲೆ ಮಾಡು. ಈಗ ಮುಟ್ಟಿದ್ರೆ ನಿನ್ನನ್ನ ನಾನು ಉಳಿಸೋಕಾಗಲ್ಲ."

"ಐದಕ್ಕೆ ಗಾಳಿ ಬಂದಿರುತ್ತೆ, ಸರ್."

"ದೋಣಿಯೋರಿಗೆ ಕಣ್ಣಿಲ್ವಾ?"

ಆಗ ಮೂರೂಕಾಲು. ಪ್ರೆಸಿಂಗ್ ಮತ್ತೆ ಮತ್ತೆ ಗುಂಡಿ ಒತ್ತುತ್ತಿದ್ದಳು. ಡೆಲ್ಫಿನಾ ಕರೆ ಮುಗಿಸಿ, ಹಳೆಯ ಅಂಕಿಯನ್ನು ಬರೆದು, ಟವರನ್ನು ಬಂದ್ ಮಾಡಿದಳು.

ಅಂಗಳದಿಂದ ಒಂದು ಕೂಗೆದ್ದಿತು, ಬೈಗುಳವಾಯಿತು.

"ಏನೇ ಮಾಡ್ದೆ?" ಎಂದಳು ಪ್ರೆಸಿಂಗ್.

"ಮಾಡಿದ್ದನ್ನ ತಿದ್ದಿದೆ. ಕಿವುಡು ನಾನೇ ತಂದದ್ದು, ಮನಾ."

ಪ್ರೆಸಿಂಗ್ ಅವಳನ್ನೇ ನೋಡಿದಳು. ಬಾಯಿಗೆ ಬಂದದ್ದನ್ನು ನುಂಗಿ, ಕಟ್ಟೆಯ ಅಂಚಿಗೆ ಕುಳಿತಳು. ಒಂದು ನಿಮಿಷ. ಎರಡು. ಮೋಡದ ನೆರಳು ತೆಂಗಿನ ಸಾಲನ್ನು ಮುಟ್ಟಿತು. ಮೂರು. ಡೆಲ್ಫಿನಾಳ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತಿದ್ದವು.

ಟವರು ಎದ್ದಿತು. ಯಾರು ಎಷ್ಟು ದೂರದಿಂದ ತಟ್ಟಿದರೆಂದು ತೋರಿಸುವ ಪಟ್ಟಿಯಲ್ಲಿ ಒಂದು, ಎರಡು, ಮೂರು ಕಿಲೋಮೀಟರಿನ ಸಾಲುಗಳು ಒಮ್ಮೆಗೇ ತುಂಬಿದವು. ಹದಿನೈದರ ಆಚೆ ಖಾಲಿ.

"ಈಗ ರಿಂಗ್ ಕೊಡಿ, ಮನಾ."

ಪ್ರೆಸಿಂಗ್ ಒತ್ತಿದಳು. ಕಿವಿಗಿಟ್ಟಳು. "ಹೋಗ್ತಿದೆ," ಎಂದಳು ಪಿಸುದನಿಯಲ್ಲಿ. ಕತ್ತರಿಸಿ, ಇನ್ನೊಮ್ಮೆ ಒತ್ತಿದಳು. ತೆರೆಯಲ್ಲಿ ಇಪ್ಪತ್ತೆರಡರ ಎದುರು ಒಂದು ಚುಕ್ಕೆ ಹುಟ್ಟಿತು.

ಆಮೇಲೆ ಕಾಯುವುದೊಂದೇ ಉಳಿದದ್ದು. ಪ್ರೆಸಿಂಗ್ ಹತ್ತು ನಿಮಿಷಕ್ಕೆ ಒಮ್ಮೆ ರಿಂಗ್ ಕೊಟ್ಟಳು. ಕೊಟ್ಟಾಗೆಲ್ಲ ಒಂದು ಚುಕ್ಕೆ. ಇಪ್ಪತ್ತೆರಡು. ಇಪ್ಪತ್ತೆರಡು. ಇಪ್ಪತ್ತು. ನೆಮೆಸಿಯೊ ಮೂರು ಸಲ ಕರೆದ, ಡೆಲ್ಫಿನಾ ಎತ್ತಲಿಲ್ಲ. ಹದಿನೇಳು. ಹದಿನಾಲ್ಕು. ಗಾಳಿ ಗುಡ್ಡ ಇಳಿಯಿತು. ಹಗ್ಗದ ಮೇಲಿನ ಬಟ್ಟೆಗಳು ಒಮ್ಮೆಲೇ ಕಡಲಿನ ಕಡೆಗೆ ಹಾರಿದವು. ಹನ್ನೊಂದು. ಎಂಟು. ತಗಡಿನ ಮೇಲೆ ಮೊದಲ ದಪ್ಪ ಹನಿಗಳು ಬಿದ್ದವು. ಆಮೇಲೆ ಮಳೆಯಲ್ಲಿ ಕಡಲೇ ಕಾಣಲಿಲ್ಲ. ಪ್ರೆಸಿಂಗ್ ಕೊಟ್ಟ ರಿಂಗು ಹೋಗಲಿಲ್ಲ. ಇನ್ನೊಂದೂ ಹೋಗಲಿಲ್ಲ.

"ಫೋನು ಒದ್ದೆಯಾಗಿರಬೇಕು," ಎಂದಳು ಡೆಲ್ಫಿನಾ.

ಪ್ರೆಸಿಂಗ್ ಮತ್ತೆ ಗುಂಡಿ ಒತ್ತಿದಳು.

ಡೆಲ್ಫಿನಾ ಐದರವರೆಗೆ ಎಣಿಸಿದಳು. ಮತ್ತೆ ಮೊದಲಿನಿಂದ ಎಣಿಸಿದಳು. ಎಷ್ಟು ಸಲವೋ.

ಪ್ರೆಸಿಂಗಳ ಫೋನು ಒಂದೇ ಸಲ ರಿಂಗಾಗಿ ನಿಂತಿತು. ಎರಡು ಕಿಲೋಮೀಟರಿನ ಸಾಲಿನಲ್ಲಿ, ಊರಿನವರ ಚುಕ್ಕೆಗಳ ನಡುವೆ, ದೋಣಿಯದನ್ನು ಬೇರೆಯಾಗಿ ಗುರುತಿಸಲು ಆಗುತ್ತಿರಲಿಲ್ಲ.

ಪ್ರೆಸಿಂಗ್ ಎತ್ತಲಿಲ್ಲ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಅಕ್ಕಿ ತೊಳೆಯಲು ಮಳೆಯಲ್ಲೇ ಓಡಿದಳು. ಡೆಲ್ಫಿನಾ ನೆಮೆಸಿಯೊನ ನಂಬರು ಒತ್ತಿ, ಅವನು ಎತ್ತುವವರೆಗೂ ಕಾದಳು.