ಬೆಚ್ಚದ ಕೂಸು

ಕೆಳಗಿನ ಮನೆಯವರಿಗೆ ಮೊನ್ನೆ ಹೆಣ್ಣು ಹುಟ್ಟಿದೆ. ಬೆಳಿಗ್ಗೆ ಲೋಬಾನದ ಹೊಗೆ, ಓಮದ ವಾಸನೆ ಮೆಟ್ಟಿಲು ಹತ್ತಿ ಬಂತು. ಕಿಟಕಿ ಮುಚ್ಚಿದೆ. ಆದರೂ ಆ ವಾಸನೆಯ ಬೆನ್ನಿಗೇ ಆಕೆ ನೆನಪಿಗೆ ಬಂದುಬಿಟ್ಟಳು... ನನ್ನ ಮೊಮ್ಮಗನಿಗೆ ನೀರು ಹಾಕುತ್ತಿದ್ದಾಕೆ. ಎಲ್ಲರೂ ಆಕೆಯನ್ನು ಇಲ್ಲಿಯ ಮರಾಠಿ ರೂಢಿಯಂತೆ ಮಾವಶಿ, ಅಂದರೆ ಚಿಕ್ಕಮ್ಮ, ಅಂತಲೇ ಕರೆಯುತ್ತಿದ್ದೆವು.

ಆರು ವರ್ಷವಾಯಿತು. ಊರಾಚೆಯ ಭೋಸರಿಯಿಂದ ಎರಡು ಬಸ್ಸು ಬದಲಿಸಿ ಸದಾಶಿವ ಪೇಠದ ನಮ್ಮ ಮನೆಗೆ ಬರುತ್ತಿದ್ದಳು. ಗಡಿಯ ಜತ್ತದ ಕಡೆಯವಳು, ಕನ್ನಡ ಬರುತ್ತಿತ್ತು, ಅದಕ್ಕೇ ಗೊತ್ತುಮಾಡಿದ್ದೆ. ಕಾಲು ಚಾಚಿ ಕೂತು ಕೂಸಿಗೆ ಎಣ್ಣೆ ತಿಕ್ಕಿ ಮೀಯಿಸುವಳು. ಕಡೆಯ ತಂಬಿಗೆ ನೀರನ್ನು ಕೂಸಿನ ಸುತ್ತ ಇಳಿಸಿ ಚೆಲ್ಲಿ, ದೃಷ್ಟಿ ಬಿಡಲಿ ಅಂತ ಖಾಲಿ ತಂಬಿಗೆಯನ್ನು ಹಾಸುಗಲ್ಲಿಗೆ ಠಣ್ಣನೆ ಕುಕ್ಕುವಳು. ಬೇರೆ ಕೂಸುಗಳು ಬೆಚ್ಚಿ ಕೈಕಾಲು ಝಾಡಿಸುತ್ತವೆ. ನಮ್ಮದು ಅಲುಗಲಿಲ್ಲ.

"ನೋಡ, ನಮ್ಮ ಹುಲಿ! ಯಾತಕ್ಕೂ ಅಂಜಂಗಿಲ್ಲ," ಅಂದೆ.

"ಹುಲಿನೂ ಬೆಚ್ಚತೈತ್ರಿ ಅಕ್ಕಾರ," ಅಂದಳು. ನಗಲಿಲ್ಲ.

ಮೂರು ದಿನ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ತಲೆಯ ಹಿಂದೆ ಕುಕ್ಕಿದಳು. ಕೂಸಿಗೆ ಇಪ್ಪತ್ತು ದಿನ ತುಂಬಿದಾಗ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಸಿಟ್ಟಾಗಬ್ಯಾಡ್ರಿ. ಕೂಸಿಗೆ ಕೇಳಂಗಿಲ್ಲ ಅನಸ್ತೈತಿ. ಇವತ್ತ ಡಾಕ್ಟರ್ ಕಡೆ ಒಯ್ರಿ," ಅಂದಳು.

"ನಿನ್ನ ನಾಲಿಗೀಗೆ ಬೆಂಕಿ ಹಾಕ. ನಾಳಿಂದ ಬರಬ್ಯಾಡ!"

ಒಳಗೆ ಮಲಗಿದ್ದ ಸೊಸೆಗೆ ಇದು ತಿಳಿಯಲಿಲ್ಲ. ಮಾವಶಿಯ ಕೈ ಭಾರ, ಬಿಡಿಸಿದೆ ಅಂತ ಹೇಳಿದೆ.

ಮರುದಿನ ತಾಯಿ, ಕೂಸು ಇಬ್ಬರೂ ಮಲಗಿದ್ದಾಗ ಹಿಟ್ಟು ನಾದುವ ಸ್ಟೀಲಿನ ಪರಾತವನ್ನು ಬೇಕಂತಲೇ ಕೈಬಿಟ್ಟೆ. ಸೊಸೆ ಧಡಕ್ಕನೆ ಎದ್ದು ಕೂತಳು. "ಏನ್ ಬಿತ್ರೀ ಅತ್ತಿ?"

"ಪರಾತ."

ಕೂಸು ನಿದ್ದೆಯಲ್ಲೇ ಇತ್ತು. ಕಿವುಡು ಅನ್ನುವ ಮಾತನ್ನು ಮನೆಯಲ್ಲಿ ಮೊದಲು ಆಡುವವಳು ನಾನಾಗುವುದು ಬೇಡ ಅನ್ನಿಸಿತು. ನಾಲ್ಕು ತಿಂಗಳು ದಿನಾ ಏನಾದರೊಂದು ಬೀಳಿಸಿದೆ. ದಿನಾ ಬಾಯಿ ಮುಚ್ಚಿಕೊಂಡೆ...

ಕುತ್ತಿಗೆಯೂ ಸರಿಯಾಗಿ ನಿಲ್ಲದಿದ್ದಾಗ ಸೊಸೆಯೇ ಆಸ್ಪತ್ರೆಗೆ ಒಯ್ದಳು. ನಾನೂ ಹೋದೆ. ಬಸಿರಿನಲ್ಲಿ ಅವಳಿಗೆ ನಾಲ್ಕು ದಿನ ಸಣ್ಣ ಜ್ವರ ಬಂದಿತ್ತು. ಕಷಾಯ ಕೊಟ್ಟು ಮರೆತಿದ್ದೆವು. ಯಾವುದೋ ವೈರಸ್ಸು ಆಗ ಹೊಟ್ಟೆಯೊಳಗಿನ ಕೂಸಿಗೂ ತಗುಲಿರಬೇಕು, ಅದರಿಂದ ಕಿವಿ ಹೋಗುತ್ತದೆ, ಬೆಳವಣಿಗೆ ಹಿಂದೆ ಬೀಳುತ್ತದೆ ಎಂದರು ಡಾಕ್ಟರು. ತಗುಲಿದ್ದು ಯಾರ ತಪ್ಪೂ ಅಲ್ಲವಂತೆ. ಆದರೆ ಮೊದಲ ತಿಂಗಳಲ್ಲೇ ತಂದಿದ್ದರೆ ಔಷಧ ಕೊಟ್ಟು ನೋಡಬಹುದಿತ್ತಂತೆ.

"ನಮಗ ಹೆಂಗ ಗೊತ್ತಾಗಬೇಕಿತ್ರಿ?" ಅಂತ ಸೊಸೆ ಅತ್ತಳು. ನಾನು ಕೂಸಿನ ಕುಲಾವಿ ಸರಿಮಾಡುತ್ತ ಕೂತೆ.

ಬಹಳ ತಡವಾಗಿ ಮಾವಶಿಯನ್ನು ಹುಡುಕಿಕೊಂಡು ಭೋಸರಿಗೆ ಹೋದೆ. ಹೆಸರೇನು ಅಂತ ಜನ ಕೇಳಿದರು. ನನಗೆಲ್ಲಿ ಗೊತ್ತು? ಕೂಸುಗಳಿಗೆ ನೀರು ಹಾಕುವಾಕೆ ಅಂತ ಹತ್ತು ಬಾಗಿಲು ತಟ್ಟಿದ ಮೇಲೆ ಒಬ್ಬಳು, "ಆಕಿ ತೀರಿಕೊಂಡು ವರ್ಷಾತು," ಅಂದಳು.

ಮೊಮ್ಮಗನಿಗೆ ಯಂತ್ರ ಹಾಕಿದರೆ ಬಲಗಿವಿ ಅಷ್ಟಿಷ್ಟು ಕೇಳುತ್ತದೆ. ಅದೂ ಇಳಿಯುತ್ತಿದೆ ಅನ್ನುತ್ತಾರೆ. ಸೋಮವಾರ ಮತ್ತೆ ಪರೀಕ್ಷೆ.

ಮಾವಶಿ ಹೇಳಿದ್ದು ಸೊಸೆಗೆ ಇಂದಿಗೂ ಗೊತ್ತಿಲ್ಲ. ಹೇಳಬಲ್ಲವಳು ಸತ್ತಳು, ಉಳಿದವಳು ನಾನೊಬ್ಬಳೇ. ಅದಕ್ಕೇ ಇದನ್ನು ಬರೆದಿದ್ದೇನೆ. ಸೊಸೆಗೇ ಮೊದಲು ಕೊಡುತ್ತೇನೆ. ಓದಿದ ಮೇಲೆ ಅವಳು ನನ್ನ ಕೈಯಲ್ಲಿ ಆ ಹುಡುಗನನ್ನು ಮತ್ತೆ ಬಿಡುತ್ತಾಳೋ ಇಲ್ಲವೋ...