ಹಾಲುಕ್ಕಿಸಿದ ದಿನ ಕೈಯಲ್ಲಿದ್ದ ಪ್ರಬಂಧ

ಸಂಜೆ ನಾಲ್ಕು ಗಂಟೆ ಎಂಟು ನಿಮಿಷ. ಧಾರವಾಡದಲ್ಲಿ ನಮ್ಮವ್ವ ಪಂಚಾಂಗ ಬಲ್ಲವರನ್ನು ಕೇಳಿ ತಿಳಿಸಿದ ಮುಹೂರ್ತ ಅದು. "ಟೊರಾಂಟೊದ ಸೂರ್ಯನ್ನ ಲೆಕ್ಕಾ ಹಾಕೇ ಹೇಳ್ಯಾರವಾ, ಒಂದ ನಿಮಿಷಾನೂ ಆಚೀಚಿ ಮಾಡಬ್ಯಾಡ" ಎಂದು ಫೋನಿನಲ್ಲಿ ಎರಡು ಸಲ ಹೇಳಿದ್ದಳು. ನಾನು ಮಾಡಲಿಲ್ಲ. ನನ್ನ ಜೀವನದಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ಶುರುವಾದದ್ದು ಆ ಅನಾಹುತವೊಂದೇ.

ತೊಂಬತ್ತರ ದಶಕದ ಕೊನೆ. ಎರಡು ವರ್ಷ ಪರಿಚಯದವರ ಬೇಸ್‌ಮೆಂಟಿನಲ್ಲಿದ್ದು, ಆ ಶನಿವಾರ ಬೆಳಿಗ್ಗೆ ಸ್ಕಾರ್‌ಬರೋದ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ಸಾಮಾನು ಸಾಗಿಸಿದ್ದೆವು. ಆ ಮನೆ ಖಾಲಿ ಇದೆ ಎಂದು ಹೇಳಿದವರು ಎದುರುಮನೆಯ ಅಜ್ಜಿ. ಅವರ ಪರಿಚಯವಾದದ್ದು ಲೈಬ್ರರಿಯ ಓದುಗರ ಗುಂಪಿನಲ್ಲಿ.

ಆ ಗುಂಪು ಆಗ ಒಂದು ಆಫ್ರಿಕನ್-ಅಮೆರಿಕನ್ ಕಾದಂಬರಿಯನ್ನು ಓದುತ್ತಿತ್ತು. ದಕ್ಷಿಣದ ಹತ್ತಿ ಹೊಲ ಬಿಟ್ಟು ಉತ್ತರದ ನಗರಕ್ಕೆ ಬಂದ ಕುಟುಂಬವೊಂದು ಬಾಗಿಲಿಂದ ಬಾಗಿಲಿಗೆ ಅಲೆಯುವ ಕಥೆ. ನನಗೋ ಹಬ್ಬ. ಇಂಥ ಕಾದಂಬರಿಗಳಲ್ಲಿ ಮನೆಯ ಹುಡುಕಾಟ ಎಂಬುದೇ ನನ್ನ ಎಂ.ಎ. ಪ್ರಬಂಧದ ವಿಷಯವಾಗಿತ್ತು. ನೂರಾ ಹನ್ನೆರಡು ಪುಟ, ಕೆಂಪು ರೆಕ್ಸಿನ್, ಬಂಗಾರದ ಅಕ್ಷರ. ಅದನ್ನು ಬರೆಯುವಾಗ ನಾನು ಹುಬ್ಬಳ್ಳಿಯ ಆಚೆ ಒಬ್ಬಳೇ ಹೋದವಳಲ್ಲ. ಆದರೂ ಅಂದು ಎದ್ದು ನಿಂತು, ಮನೆಯೆಂದರೆ ಸ್ಥಳವಲ್ಲ, ಅದೊಂದು ನಿರಂತರ ಹುಡುಕಾಟ ಎಂದು ಕಾಲು ಗಂಟೆ ಉಪದೇಶ ಮಾಡಿದೆ.

ಮೂಲೆಯಲ್ಲಿ ಕೂತಿದ್ದ ಅಜ್ಜಿ ಆಗ ಬಾಯಿ ಬಿಟ್ಟರು. ಹುಟ್ಟಿದ್ದು ಅಲಬಾಮಾ, ಬೆಳೆದದ್ದು ಡೆಟ್ರಾಯಿಟ್, ಗಂಡನ ಹಿಂದೆ ಬಂದದ್ದು ಟೊರಾಂಟೊ. ಅವರು ಮಾತಾಡಿದ್ದು ಇಂಗ್ಲಿಷಿನಲ್ಲೇ. ನನ್ನ ನೆನಪಿನಲ್ಲಿ ಮಾತ್ರ ಅವರು ನಮ್ಮೂರ ಕನ್ನಡವನ್ನೇ ಆಡುತ್ತಾರೆ. ಅದಕ್ಕೆ ನಾನು ಹೊಣೆಯಲ್ಲ.

"ಯವ್ವಾ, ನಮಗ ನಿರಂತರ ಹುಡುಕಾಟ ಬೇಕಾಗಿದ್ದಿಲ್ಲ. ಯಾರರ ಬಾಡಿಗಿಗೆ ಕೊಟ್ಟಿದ್ರ ಸಾಕಾಗಿತ್ತು."

ಎಲ್ಲರೂ ನಕ್ಕರು. ಹೊರಡುವಾಗ ಅವರೇ ಬಳಿ ಬಂದರು: "ಅಂದಂಗ, ನಿನಗೊಂದು ಮನಿ ಬೇಕಾಗೇತೇನು? ನಮ್ಮೆದುರಿಂದು ಖಾಲಿ ಐತಿ."

ಹೀಗೆ ಸಿಕ್ಕ ಮನೆಯಲ್ಲಿ ಹಾಲು ಉಕ್ಕಬೇಕಿತ್ತು. ಗಂಡ ವಿಟ್ಬಿಯಲ್ಲಿ ಶಿಫ್ಟಿಗೆ ಹೋಗಿದ್ದರು. ಮೂರು ವರ್ಷದ ಮಗಳು ಒಳಕೋಣೆಯಲ್ಲಿ ಮಲಗಿದ್ದಳು. ಉಕ್ಕಿದ ಹಾಲು ಕರೆಂಟ್ ಒಲೆಯ ಮೇಲೆ ಸೀದರೆ ಸ್ಮೋಕ್ ಅಲಾರಂ ಅರಚುತ್ತದೆಂದು ನನಗೆ ಗೊತ್ತಿತ್ತು. ಓದಿದವಳಲ್ಲವೇ, ಮೊದಲೇ ಸ್ಟೂಲು ಹತ್ತಿ ಅದರ ಬ್ಯಾಟರಿ ತೆಗೆದಿಟ್ಟೆ. ದೀಪಕ್ಕೆ ಜಾಗ ಬೇಕಿತ್ತು. ಒಲೆಯ ಪೂರ್ವಕ್ಕೆ ಕಾದಂಬರಿಗಳನ್ನು ತುಂಬಿದ ರಟ್ಟಿನ ಡಬ್ಬಿಯಿತ್ತು. ಎಣ್ಣೆದೀಪವನ್ನು ಅದರ ಮೇಲೆಯೇ ಹಚ್ಚಿಟ್ಟೆ.

ನಾಲ್ಕೂ ಎಂಟಕ್ಕೆ ಹಾಲು ಉಕ್ಕಿತು, ಬುಸ್ಸೆಂದು. ನಾನು ಬೆಚ್ಚಿ ಹಿಂದೆ ಸರಿದೆ. ಮೊಣಕೈ ತಾಗಿ ದೀಪ ಉರುಳಿತು. ಎಣ್ಣೆ ಕುಡಿದ ರಟ್ಟು ಭಗ್ಗೆಂದು ಹೊತ್ತಿಕೊಂಡಿತು. ಮುಂದಿನದು ನನಗೆ ಇಂದಿಗೂ ಚೂರುಚೂರಾಗಿ ಕಾಣುತ್ತದೆ: ಹೊಗೆ, ಬಾಗಿಲು, ಕಾರಿಡಾರು, ನನ್ನದೇ ಕೂಗು, ಎದುರಿಗೆ ಅಜ್ಜಿ.

"ಕೂಸೆಲ್ಲೈತಿ?"

ನಾನು ಕೈಯಲ್ಲಿದ್ದುದನ್ನು ಮುಂದೆ ಚಾಚಿದೆ. ಕೆಂಪು ರೆಕ್ಸಿನ್ನಿನ ಪ್ರಬಂಧ.

ಅವರು ನನ್ನನ್ನು ಸರಿಸಿ ಒಳಗೆ ಹೋದರು. ಎಪ್ಪತ್ತು ದಾಟಿದ ಮಂಡಿನೋವಿನ ಹೆಂಗಸು. ಮಗಳನ್ನು ಎತ್ತಿಕೊಂಡು ಕೆಮ್ಮುತ್ತ ಹೊರಬಂದರು. ನನ್ನ ಕೈಯಿಂದ ಪ್ರಬಂಧ ಕಿತ್ತುಕೊಂಡು ಮಗುವನ್ನು ಕೊಟ್ಟರು. ಆಮೇಲೆ ತಮ್ಮ ಮನೆಯಿಂದ ಒದ್ದೆ ಕಂಬಳಿ ತಂದು ಡಬ್ಬಿಯ ಮೇಲೆಸೆದರು. ಅಗ್ನಿಶಾಮಕದವರು ಬರುವಷ್ಟರಲ್ಲಿ ಉಳಿದದ್ದು ಹೊಗೆ, ಕಪ್ಪು ಗೋಡೆ ಮತ್ತು ಸೀದ ಹಾಲಿನ ವಾಸನೆ.

ಗಂಡನಿಗೆ "ನಾವೆಲ್ಲ ಹೊರಗ ಬಂದ್ವಿ" ಎಂದಷ್ಟೇ ಹೇಳಿದೆ. ಉಳಿದದ್ದನ್ನು ಅವರೇ ಕಟ್ಟಿಕೊಂಡರು. ಸ್ಟ್ರೀಟ್ಸ್‌ವಿಲ್‌ನಲ್ಲಿ ಕನ್ನಡದವರು ಸೇರಿದ್ದ ಊಟದಲ್ಲಿ "ನಮ್ಮಾಕಿ ಬೆಂಕ್ಯಾಗಿಂದ ಕೂಸಿನ್ನ ಎತ್ಕೊಂಡ ಬಂದ್ಲು ನೋಡ್ರಿ" ಎಂದು ಹೆಮ್ಮೆಪಟ್ಟರು. "ತಾಯಿಕರುಳು ರೀ" ಎಂದಳೊಬ್ಬಳು, ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕುತ್ತ. ವೀರಮಾತೆ ತುಪ್ಪ ಹಾಕಿಸಿಕೊಂಡು ತಿಂದಳು.

ನಾಲ್ಕು ತಿಂಗಳು ಸರಿಯಾಗಿ ನಿದ್ದೆ ಬರಲಿಲ್ಲ. ಎದ್ದೆದ್ದು ಒಲೆಯ ಗುಂಡಿ ಮುಟ್ಟುತ್ತಿದ್ದೆ. ಮಗಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದೆ. ಕಣ್ಣು ಮುಚ್ಚಿದರೆ ಮತ್ತೆ ನಾಲ್ಕೂ ಎಂಟು. ಈ ಸಲವಾದರೂ ಒಳಕೋಣೆಗೆ ಓಡಬೇಕು ಅಂದುಕೊಳ್ಳುತ್ತೇನೆ. ಕೈ ಮಾತ್ರ ಕೆಂಪು ರೆಕ್ಸಿನ್ನಿಗೇ ಹೋಗುತ್ತದೆ. ಕನಸಿನಲ್ಲಾದರೂ ಸುಳ್ಳು ಹೇಳಬಾರದೇ ಮನಸ್ಸು?

ಮಾರ್ಚಿನ ಒಂದು ಭಾನುವಾರ ಮಧ್ಯಾಹ್ನ ಅಜ್ಜಿ ಬಂದರು, ಕಂಕುಳಲ್ಲಿ ಪ್ರಬಂಧ.

"ಇದು ನಿಮ್ಮನಿಗೆ ಹೆಂಗ ಬಂತ್ರೀ?" ಗಂಡ ಕೇಳಿದರು.

ಅಜ್ಜಿ ನನ್ನತ್ತ ನೋಡಿದರು. ಅಂದು ನಡೆದದ್ದನ್ನು ನಾಲ್ಕು ತಿಂಗಳು ಯಾರಿಗೂ ಹೇಳಿರಲಿಲ್ಲ ಅವರು.

"ಬೆಂಕಿ ಹತ್ತಿದಾಗ ನಾ ಹೊರಗ ತಂದಿದ್ದು ಇದನ್ನ ರೀ" ಎಂದೆ. "ಕೂಸಿನ್ನ ತಂದಾಕಿ ನಾ ಅಲ್ಲ. ಇವರು."

ಗಂಡ ಎದ್ದು ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿದರು. ಅಜ್ಜಿ ಗಾಬರಿಯಾಗಿ, ಏನು ಕಳೆದುಕೊಂಡಿರಿ ಎಂದು ತಾವೂ ಬಗ್ಗಿ ನೆಲ ನೋಡಿದರು. ಗಂಡ ಚಹಕ್ಕೆ ಹಾಲಿಟ್ಟು, ಅದು ಏರುವವರೆಗೂ ಅಲುಗದೆ ನಿಂತು, ಉಕ್ಕುವ ಮೊದಲೇ ಒಲೆ ಆರಿಸಿದರು. ನನ್ನ ಕಡೆ ತಿರುಗದೆಯೇ "ನಿನಗ ಸಕ್ರಿ ಎಷ್ಟ?" ಎಂದರು. ಏಳು ವರ್ಷದ ಸಂಸಾರದಲ್ಲಿ ಅವರಿಗೆ ಅದು ಗೊತ್ತಿರದ ವಿಷಯವಲ್ಲ.

"ಪ್ರಬಂಧ ಓದಿದ್ರೇನು?" ನಾನು ಅಜ್ಜಿಯನ್ನು ಕೇಳಿದೆ. ಅಂಥ ಹೊತ್ತಿನಲ್ಲೂ ಕೇಳಿದೆ!

"ಚಲೋ ಬರದೀ ಯವ್ವಾ. ಆದ್ರ ಇಷ್ಟ ಮಂದಿ ಮನಿ ಹುಡುಕ್ಯಾರ, ಒಬ್ಬರ ಬಗಲಾಗೂ ಒಂದು ಕೂಸಿಲ್ಲಲ್ಲ?"

ಕಾದಂಬರಿಗಳಲ್ಲಿದ್ದವು. ಪ್ರತಿ ಅಧ್ಯಾಯದಲ್ಲೂ ಇದ್ದವು. ನಾನೇ ಅವನ್ನು ಅಡಿಟಿಪ್ಪಣಿಗೆ ತಳ್ಳಿದ್ದೆ.

ಆ ರಾತ್ರಿ ಒಲೆಯ ಗುಂಡಿ ನೋಡಲು ನಾನು ಏಳಲಿಲ್ಲ. ಎಚ್ಚರವಾದಾಗ ಸೋಮವಾರದ ಬಿಸಿಲು ಹಾಸಿಗೆಯ ಮೇಲಿತ್ತು. ಮಗಳು ನನ್ನ ಮೂಗಿನ ಕೆಳಗೆ ಬೆರಳಿಟ್ಟು, ಉಸಿರು ನೋಡಿ, "ಮಮ್ಮಿ ಈಸ್ ಓಕೆ" ಎಂದು ಅಪ್ಪನಿಗೆ ಕೂಗಿ ಹೇಳುತ್ತಿದ್ದಳು.